ಎಡಗಿವಿಗೂ ಬಲಗಿವಿಗೂ ಜಗಳ ತಂದಿಡಬೇಡಿ



ಇವತ್ತು ಸ್ವಲ್ಪ ಜಗಳ ಆಡೋದಿದೆ. ಎಡ, ಬಲ ಅಂದ ಕೂಡಲೇ ರಾಜಕೀಯ ಅಂದ್ಕೊಂಡು ಓಡಿ ಹೋಗಬೇಡಿ. ನಾನು ಶಿಕಾರಿಪುರದವನು, ಅಮ್ಮನ ತವರು ಸೊರಬ ಅಂದ್ರೆ ಸಾಕು, ಎದುರಿಗಿದ್ದವರು ಯಡಿಯೂರಪ್ಪ, ಬಂಗಾರಪ್ಪ ಅಂತ ಶುರು ಹಚ್ಕೋತಾರೆ. ಎರಡೂ ತಾಲ್ಲೂಕು ಒಬ್ಬೊಬ್ಬ ಮುಖ್ಯಮಂತ್ರಿಯನ್ನ ಕೊಟ್ಟಮೇಲೆ ಅದು ಸಹಜವೇ ಬಿಡಿ. ಆದ್ರೆ ನಾನೀಗ ಹೇಳೋಕೆ ಹೊರಟಿರೋ ಎಡ-ಬಲ ನಿಮ್ಮ ಹೆಡ್‌ಫೋನಿನದ್ದು :-)

ಜಗಳ ಇರೋದು ಎರಡು ಗುಂಪಿನ ಜೊತೆ.

ಒಂದನೇ ಗುಂಪು: "ನಿಮ್ಮ ಮೊಬೈಲಿನ ಅಗ್ಗದ ಡ್ಯಾಕ್‌ನಲ್ಲಿ ಎಡ-ಬಲ ಚಾನೆಲ್ ಸರಿಯಾಗಿ ಸಿಂಕ್ ಆಗಲ್ಲ ಸಾರ್, ಅದಕ್ಕೇ ಹಾಡು ಚಪ್ಪೆ ಅನ್ನಿಸೋದು, ಇಪ್ಪತ್ತು ಸಾವಿರ ಹಾಕಿ ಈ ಡಬ್ಬ ತಗೊಳ್ಳಿ" ಅನ್ನೋರು.

ಎರಡನೇ ಗುಂಪು: "ಡಿಜಿಟಲ್ ಬಂದ ಮೇಲೆ ಹಾಡಿನ ಜೀವವೇ ಹೋಯ್ತು, ಕ್ಯಾಸೆಟ್ ಕಾಲವೇ ಚೆನ್ನಾಗಿತ್ತು" ಅಂತ ನಿಟ್ಟುಸಿರು ಬಿಡೋರು. ನಮ್ಮ ಬ್ಲಾಗಿಗರಲ್ಲಿ ಈ ಎರಡನೇ ಗುಂಪಿನವರೇ ಜಾಸ್ತಿ ಅನ್ನೋದು ನನ್ನ ಅನುಮಾನ.

ನನ್ನ ವಾದ ಇಷ್ಟೇ. ಎಡ-ಬಲ ತಾಳ ತಪ್ಪೋ ಸಮಸ್ಯೆ ನಿಜವಾದದ್ದು. ಆದ್ರೆ ಅದು ನಿಮ್ಮ ಡ್ಯಾಕಿನ ಒಳಗಿಲ್ಲ. ಅದಿರೋದು ನಿಮ್ಮನೆ ಅಟ್ಟದ ಮೇಲಿನ ಕ್ಯಾಸೆಟ್ ಡಬ್ಬದಲ್ಲಿ, ಸೌಂಡ್ ಸರ್ವಿಸಿನವರ ವೈರಿನಲ್ಲಿ, "ಡಿಜಿಟಲ್ ಮಾಡಿಕೊಡ್ತೀವಿ" ಅಂತ ಬೋರ್ಡ್ ಹಾಕಿಕೊಂಡವರ ಆತುರದಲ್ಲಿ. ಅಲ್ಲಿ ನೋಡೋದು ಬಿಟ್ಟು ಇಲ್ಲಿ ದುಡ್ಡು ಸುರಿಯೋದ್ರಿಂದ ನಷ್ಟ ಆಗ್ತಿರೋದು ಬರೀ ದುಡ್ಡಲ್ಲ, ನಮ್ಮ ಅಜ್ಜಿಯರ ಧ್ವನಿ.

ಸುಮ್ನೆ ಹೇಳಿದ್ರೆ ನೀವು ನಂಬಲ್ಲ. ಲೆಕ್ಕ ಕೊಡ್ತೀನಿ, ಓದಿ.

* * *

ಡ್ಯಾಕ್ ಅಂದ್ರೇನು ಅಂತ ಗೊತ್ತಿರೋರು ಈ ಪ್ಯಾರಾ ಹಾರಿಸಿ. ಹಾಡು ಸಿಡಿಯಲ್ಲೋ ಮೊಬೈಲಿನಲ್ಲೋ ಇರೋದು ಬರೀ ಅಂಕಿಗಳ ಸಾಲಾಗಿ. ಸಿಡಿಯಲ್ಲಾದ್ರೆ ಸೆಕೆಂಡಿಗೆ 44,100 ಅಂಕಿ ಎಡಕ್ಕೆ, ಇನ್ನೊಂದು 44,100 ಬಲಕ್ಕೆ. ಆ ಅಂಕಿಗಳನ್ನ ಸ್ಪೀಕರಿಗೆ ಬೇಕಾದ ವಿದ್ಯುತ್ತಿನ ಏರಿಳಿತ ಮಾಡಿಕೊಡೋ ಚಿಪ್ಪೇ ಡಿಜಿಟಲ್-ಟು-ಅನಲಾಗ್ ಕನ್ವರ್ಟರ್, ಚಿಕ್ಕದಾಗಿ ಡ್ಯಾಕ್.

ಈಗ ನಮ್ಮೂರ ಪಂಕ್ತಿ ಊಟ ನೆನೆಸಿಕೊಳ್ಳಿ. ಎರಡು ಸಾಲು ಎಲೆ ಹಾಕಿದೆ, ಎಡಕ್ಕೊಂದು ಸಾಲು, ಬಲಕ್ಕೊಂದು ಸಾಲು. ಬಡಿಸೋನು ಒಬ್ಬನೇ, ಸೌಟೂ ಒಂದೇ. ಎಡದ ಎಲೆಗೆ ಒಂದು ಸೌಟು, ಆಮೇಲೆ ಬಲದ ಎಲೆಗೆ ಒಂದು ಸೌಟು. ಎಡದವನು ಬಿದ್ದ ಕೂಡಲೇ ಉಣ್ಣೋಕೆ ಶುರು ಮಾಡಿದ್ರೆ ಬಲದವನು ಯಾವಾಗಲೂ ಚೂರು ಹಿಂದೆ ಬೀಳ್ತಾನೆ.

ಈ ಒಂದೇ ಸೌಟಿನ ಊಟ ನಿಜವಾಗಿಯೂ ನಡೆದಿತ್ತು. 1982ರ ಅಕ್ಟೋಬರಿನಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂತು ಸೋನಿ ಕಂಪನಿಯ ಸಿಡಿಪಿ-101, ಮಾರುಕಟ್ಟೆಗೆ ಬಂದ ಮೊದಲ ಸಿಡಿ ಪ್ಲೇಯರ್. ಆ ಕಾಲಕ್ಕೆ 16 ಬಿಟ್ಟಿನ ಡ್ಯಾಕ್ ಅಂದ್ರೆ ಬಂಗಾರದ ಬೆಲೆ. ಅದಕ್ಕೇ ಅದರೊಳಗೆ ಇದ್ದದ್ದು ಒಂದೇ ಡ್ಯಾಕ್. ಅದೇ ಎಡಕ್ಕೂ ಬಲಕ್ಕೂ ಸರದಿ ಮೇಲೆ ಬಡಿಸ್ತಿತ್ತು. ಒಂದು ಅಂಕಿಗೂ ಮುಂದಿನ ಅಂಕಿಗೂ ನಡುವೆ 22.68 ಮೈಕ್ರೋಸೆಕೆಂಡ್ (ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲಿಗೆ ಒಂದು ಮೈಕ್ರೋಸೆಕೆಂಡ್). ಅದರ ಅರ್ಧ, ಅಂದ್ರೆ 11.34 ಮೈಕ್ರೋಸೆಕೆಂಡ್, ಎರಡು ಚಾನೆಲ್ ನಡುವೆ ಅಂತರ ಬೀಳ್ತಿತ್ತು. ಅದೇ ಹೊತ್ತಿಗೆ ಫಿಲಿಪ್ಸ್‌ನವರು ತಮ್ಮ ಮೊದಲ ಪ್ಲೇಯರಿನಲ್ಲಿ ಎರಡು ಡ್ಯಾಕ್ ಇಟ್ಟಿದ್ರು. 14 ಬಿಟ್ಟಿನವು ಆದ್ರೂ ಇಬ್ಬರು ಬಡಿಸೋರು. ಅಲ್ಲಿ ಈ ಅಂತರದ ಕಥೆ ಇರಲಿಲ್ಲ.

ನಮ್ಮ ಡ್ಯಾಕ್ ಮಾರೋ ಅಣ್ಣಂದಿರು ಇವತ್ತಿಗೂ ಹೆದರಿಸೋದು ಇದೇ ನಲವತ್ತು ವರ್ಷ ಹಳೇ ದೆವ್ವ ತೋರಿಸಿ!

ಆಮೇಲೇನಾಯ್ತು? 1986ರಲ್ಲಿ ಫಿಲಿಪ್ಸ್ ಒಂದು ನಿಯಮಾವಳಿ ಪ್ರಕಟಿಸಿತು. ಹೆಸರು ಐ-ಸ್ಕ್ವೇರ್ಡ್-ಎಸ್, ಬಾಯಿ ಮಾತಲ್ಲಿ ಐಟುಎಸ್. ಮೂರು ತಂತಿ: ಒಂದರಲ್ಲಿ ಅಂಕಿಗಳು ಹರೀತವೆ, ಒಂದರಲ್ಲಿ ಗಡಿಯಾರದ ಬಡಿತ, ಮೂರನೇದರಲ್ಲಿ "ಈಗ ಬರ್ತಿರೋದು ಎಡದ್ದು, ಈಗ ಬಲದ್ದು" ಅನ್ನೋ ಸೂಚನೆ. ಮೂರನೇ ತಂತಿ ಕೆಳಗಿದ್ರೆ ಎಡ, ಮೇಲಿದ್ರೆ ಬಲ. ಗಮನಿಸಿ, ಇಲ್ಲೂ ಅಂಕಿಗಳು ಬರೋದು ಒಂದಾದ ಮೇಲೊಂದು. ಬಡಿಸೋನು ಒಬ್ಬನೇ. ಹಾಗಾದ್ರೆ ಅಂತರ ಇಲ್ವಾ?

ಇಲ್ಲ. ಯಾಕಂದ್ರೆ ಪಂಕ್ತಿಯಲ್ಲಿ ಬಡಿಸಿದ ಕೂಡಲೇ ಯಾರೂ ಉಣ್ಣಲ್ಲ. ಎರಡೂ ಸಾಲಿಗೆ ಬಡಿಸಿ ಮುಗಿದು, ಹಿರಿಯರೊಬ್ಬರು "ನಮಃ ಪಾರ್ವತೀಪತೇ" ಅಂದು, ಎಲ್ಲರೂ "ಹರಹರ ಮಹಾದೇವ" ಅಂದ ಮೇಲೇ ಕೈ ಅನ್ನಕ್ಕೆ ಹೋಗೋದು. ಇವತ್ತಿನ ಸ್ಟೀರಿಯೋ ಡ್ಯಾಕ್ ಚಿಪ್ಪೂ ಹಾಗೇ. ಎಡದ ಅಂಕಿ ಬಂದ್ರೆ ಪಕ್ಕಕ್ಕೆ ಇಟ್ಕೊಳ್ಳುತ್ತೆ, ಬಲದ್ದು ಬಂದಮೇಲೆ ಗಡಿಯಾರದ ಒಂದೇ ಬಡಿತಕ್ಕೆ ಎರಡನ್ನೂ ಒಟ್ಟಿಗೆ ಒಳಗೆ ಬಿಡುತ್ತೆ. ಎರಡೂ ಒಂದೇ ಸಿಲಿಕಾನ್ ತುಂಡಿನ ಮೇಲೆ, ಒಂದೇ ಗಡಿಯಾರದ ಕೆಳಗೆ. ನಿಮ್ಮ ಅಗ್ಗದ ಮೊಬೈಲಿನಲ್ಲೂ ಹೀಗೇ. ಇಲ್ಲಿ ಉಳಿಯೋ ಅಂತರ ಕಿವಿಯ ಲೆಕ್ಕಕ್ಕೇ ಸಿಗಲ್ಲ.

ಬೆಂಗಳೂರಿನ ಒಂದು ಅಂಗಡಿಯಲ್ಲಿ ನನಗೇ ಒಬ್ಬ ಪುಣ್ಯಾತ್ಮ "ಇದರಲ್ಲಿ ಎಡಕ್ಕೆ ಬೇರೆ ಡ್ಯಾಕ್, ಬಲಕ್ಕೆ ಬೇರೆ ಡ್ಯಾಕ್ ಸಾರ್, ಅದಕ್ಕೇ ಸಿಂಕ್ ಪರ್ಫೆಕ್ಟ್" ಅಂದ. ಮಾರಾಯ್ರೇ, ತಲೆ ಕೆಳಗಾದ ತರ್ಕ ಇದು! ಎರಡು ಬೇರೆ ಡ್ಯಾಕ್ ಇಟ್ಟಾಗಲೇ ಎರಡನ್ನೂ ಒಟ್ಟಿಗೆ ನಡೆಸೋ ಸಮಸ್ಯೆ ಹುಟ್ಟೋದು. ಅದನ್ನ ಬಗೆಹರಿಸೋಕೆ ಎರಡಕ್ಕೂ ಒಂದೇ ಗಡಿಯಾರದಿಂದ ಬಡಿತ ಕೊಡಬೇಕು, ಒಳ್ಳೆ ಕಂಪನಿಯವರು ಕೊಡ್ತಾರೆ ಕೂಡ. ಬೇರೆ ಬೇರೆ ಡ್ಯಾಕ್ ಇಡೋದ್ರಿಂದ ಬೇರೆ ಲಾಭ ಇದೆ. ಎಡದ ಸದ್ದು ಬಲಕ್ಕೆ ಸೋರೋದು ಕಡಿಮೆ ಆಗುತ್ತೆ. ಅದನ್ನ ಹೇಳಿ ಮಾರಲಿ, ನನ್ನ ತಕರಾರಿಲ್ಲ. ಸಿಂಕ್ ಹೆಸರಲ್ಲಿ ಮಾರಬೇಡಿ ಅಷ್ಟೇ.

* * *

ಈಗ ಆ 11 ಮೈಕ್ರೋಸೆಕೆಂಡ್ ಎಷ್ಟು ದೊಡ್ಡದು ಅಂತ ನೋಡೋಣ.

ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 345 ಮೀಟರ್ ಓಡುತ್ತೆ. 11.34 ಮೈಕ್ರೋಸೆಕೆಂಡಿನಲ್ಲಿ ಅದು ಕ್ರಮಿಸೋ ದೂರ 4 ಮಿಲಿಮೀಟರಿಗಿಂತ ಚೂರು ಕಡಿಮೆ. ಒಂದು ಭತ್ತದ ಕಾಳಿನ ಅರ್ಧ. ಅಂದ್ರೆ ನಿಮ್ಮ ಬಲಗಡೆ ಸ್ಪೀಕರನ್ನ ಅರ್ಧ ಭತ್ತದ ಕಾಳಿನಷ್ಟು ಹಿಂದೆ ಸರಿಸಿದ್ರೆ 1982ರ ಆ ಪ್ಲೇಯರಿನ ದೋಷ ನಿಮ್ಮ ಮನೆಯಲ್ಲೇ ತಯಾರು! ಹಾಡು ಕೇಳ್ತಾ ತಲೆದೂಗಿದ್ರೂ ಅದಕ್ಕಿಂತ ಹೆಚ್ಚು ಆಗುತ್ತೆ.

ಪ್ರಾಮಾಣಿಕವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಎದುರು ಪಕ್ಷದವರ ಮಾತಲ್ಲಿ ಚೂರು ಸತ್ಯ ಇದೆ. ಮನುಷ್ಯನ ಕಿವಿ ಸಾಮಾನ್ಯದ್ದಲ್ಲ. ಸದ್ದು ಯಾವ ಕಡೆಯಿಂದ ಬಂತು ಅಂತ ನಾವು ಕಂಡುಹಿಡಿಯೋದೇ ಅದು ಒಂದು ಕಿವಿಗೆ ಮೊದಲು, ಇನ್ನೊಂದಕ್ಕೆ ಆಮೇಲೆ ತಲುಪೋದ್ರಿಂದ. ಪೂರ್ತಿ ಪಕ್ಕದಿಂದ ಬಂದ ಸದ್ದಿಗೆ ಈ ಅಂತರ ಸುಮಾರು 650-700 ಮೈಕ್ರೋಸೆಕೆಂಡ್. ನಿಶ್ಶಬ್ದ ಪ್ರಯೋಗಾಲಯದಲ್ಲಿ ಹೆಡ್‌ಫೋನ್ ಹಾಕಿ ಪಳಗಿದ ಕಿವಿಯವರನ್ನ ಕೂರಿಸಿದ್ರೆ ಸುಮಾರು 10 ಮೈಕ್ರೋಸೆಕೆಂಡಿನ ವ್ಯತ್ಯಾಸವನ್ನೂ ಗುರುತಿಸ್ತಾರೆ. ಹಾಗಾಗಿ 11 ಅನ್ನೋದು ಸರಿಯಾಗಿ ಹೊಸ್ತಿಲ ಮೇಲೆ ಕೂತಿದೆ. ಅದರ ಜೊತೆಗೆ ಎಡ-ಬಲ ಕೂಡಿಸಿ ಮೋನೋ ಮಾಡಿದ್ರೆ 20 ಕಿಲೋಹರ್ಟ್ಸ್ ಹತ್ತಿರ ಸುಮಾರು 2.4 ಡೆಸಿಬೆಲ್ ಕಮ್ಮಿ ಆಗುತ್ತೆ, 10 ಕಿಲೋಹರ್ಟ್ಸ್‌ನಲ್ಲಿ ಅರ್ಧ ಡೆಸಿಬೆಲ್ಲಿನಷ್ಟು. ಎಂಜಿನಿಯರುಗಳು ತಲೆ ಕೆಡಿಸಿಕೊಂಡದ್ದರಲ್ಲಿ ತಪ್ಪಿಲ್ಲ. 1980ರ ದಶಕದ ಆರಂಭದ ಸೋನಿ ಪಿಸಿಎಂ-ಎಫ್1 ರೆಕಾರ್ಡರಿನಲ್ಲೂ ಒಂದೇ ಕನ್ವರ್ಟರ್ ಎರಡು ಚಾನೆಲ್ಲಿಗೆ ದುಡೀತಿತ್ತು. ಅದರ ಟೇಪುಗಳನ್ನ ಇವತ್ತು ಕಂಪ್ಯೂಟರಿಗೆ ಇಳಿಸೋರು ಆ ಅರ್ಧ ಅಂಕಿಯ ಅಂತರವನ್ನ ಸಾಫ್ಟ್‌ವೇರಿನಲ್ಲಿ ಸರಿ ಮಾಡ್ತಾರೆ. ಶ್ರದ್ಧೆ ಅಂದ್ರೆ ಅದು.

ಆ ಶ್ರದ್ಧೆಯ ನೂರರಲ್ಲೊಂದು ಪಾಲನ್ನ ನಮ್ಮ ಕ್ಯಾಸೆಟ್ಟುಗಳಿಗೆ ತೋರಿಸಿ ಅಂತ ನಾನು ಕೇಳ್ತಿರೋದು.

* * *

ಈಗ ಎರಡನೇ ಗುಂಪಿನ ಸರದಿ. "ಕ್ಯಾಸೆಟ್ಟಲ್ಲಿ ಜೀವ ಇತ್ತು" ಅಂದ್ರಲ್ಲ, ಬನ್ನಿ.

1963ರಲ್ಲಿ ಫಿಲಿಪ್ಸ್‌ನವರೇ ತಂದ ಕ್ಯಾಸೆಟ್ಟಿನ ಟೇಪಿನ ಅಗಲ 3.8 ಮಿಲಿಮೀಟರ್ ಅಷ್ಟೇ. ಸ್ಟೀರಿಯೋ ಕ್ಯಾಸೆಟ್ಟಿನ ಒಂದು ಬದಿಗೆ ಎರಡು ಓಣಿ, ಎಡಕ್ಕೊಂದು ಬಲಕ್ಕೊಂದು, ತಲಾ 0.6 ಮಿಲಿಮೀಟರ್, ನಡುವೆ 0.3ರ ಖಾಲಿ ಜಾಗ. ಒಂದರ ನಡುಮಧ್ಯದಿಂದ ಇನ್ನೊಂದರ ನಡುಮಧ್ಯಕ್ಕೆ 0.9 ಮಿಲಿಮೀಟರ್. ಟೇಪು ಓಡೋ ವೇಗ ಸೆಕೆಂಡಿಗೆ 4.76 ಸೆಂಟಿಮೀಟರ್.

ಟೇಪನ್ನ ಓದೋ ಹೆಡ್ ಅದಕ್ಕೆ ನೇರ ಲಂಬವಾಗಿ ನಿಂತಿರಬೇಕು. ಒಂಚೂರು ವಾಲಿದ್ರೆ ಒಂದು ಓಣಿಯನ್ನ ಮೊದಲು, ಇನ್ನೊಂದನ್ನ ಆಮೇಲೆ ಓದುತ್ತೆ. ನೇಗಿಲಿಗೆ ಹೂಡಿದ ಜೋಡೆತ್ತಿನಲ್ಲಿ ಒಂದು ಎತ್ತು ಸದಾ ಅರ್ಧ ಹೆಜ್ಜೆ ಮುಂದಿದ್ದ ಹಾಗೆ. ಈ ವಾಲಿಕೆಗೆ ಅಜಿಮತ್ ದೋಷ ಅಂತಾರೆ.

ಹೆಡ್ಡು ಒಂದು ಡಿಗ್ರಿಯ ಹತ್ತನೇ ಒಂದು ಪಾಲು ವಾಲಿದ್ರೆ ಎಡ-ಬಲದ ಅಂತರ 33 ಮೈಕ್ರೋಸೆಕೆಂಡ್. ಸಿಡಿಪಿ-101ರ ಮೂರು ಪಟ್ಟು! ಅರ್ಧ ಡಿಗ್ರಿ ವಾಲಿದ್ರೆ 165 ಮೈಕ್ರೋಸೆಕೆಂಡ್. ಹಳೇ ಟೂ-ಇನ್-ಒನ್‌ಗಳಲ್ಲಿ, ಹತ್ತು ವರ್ಷ ಅಡುಗೆಮನೆ ಹೊಗೆ ಕುಡಿದು ಎರಡು ಸಲ ಕೆಳಗೆ ಬಿದ್ದು ಎದ್ದ ಸೆಟ್ಟುಗಳಲ್ಲಿ, ಅರ್ಧ ಡಿಗ್ರಿ ಏನೂ ದೊಡ್ಡದಲ್ಲ.

ಒಂದು ಪಟ್ಟಿ ಮಾಡಿಬಿಡೋಣ. ಎಡ-ಬಲದ ನಡುವಿನ ಅಂತರ, ಮೈಕ್ರೋಸೆಕೆಂಡಿನಲ್ಲಿ:

- ಇವತ್ತಿನ ಅಗ್ಗದ ಮೊಬೈಲಿನ ಸ್ಟೀರಿಯೋ ಡ್ಯಾಕ್: ಲೆಕ್ಕಕ್ಕಿಲ್ಲ
- 1982ರ ಮೊದಲ ಸಿಡಿ ಪ್ಲೇಯರ್: 11
- ಕ್ಯಾಸೆಟ್ ಹೆಡ್ 0.1 ಡಿಗ್ರಿ ವಾಲಿದ್ರೆ: 33
- ಕ್ಯಾಸೆಟ್ ಹೆಡ್ 0.5 ಡಿಗ್ರಿ ವಾಲಿದ್ರೆ: 165
- ಒಂದು ಸ್ಪೀಕರಿಗೆ ಇನ್ನೊಂದಕ್ಕಿಂತ 10 ಸೆಂಟಿಮೀಟರ್ ಹತ್ತಿರ ಕೂತ್ರೆ: 290
- ಜಾತ್ರೆಯಲ್ಲಿ ಒಂದು ಸ್ಪೀಕರ್ ಇನ್ನೊಂದಕ್ಕಿಂತ 20 ಮೀಟರ್ ದೂರ ಇದ್ರೆ: 58,000

ಈ ಪಟ್ಟಿ ನೋಡಿದ ಮೇಲೂ ಮೊದಲ ಸಾಲಿಗೆ ಇಪ್ಪತ್ತು ಸಾವಿರ ಹಾಕ್ತೀನಿ ಅನ್ನೋರು ಹಾಕಿ. ನಿಮ್ಮ ದುಡ್ಡು, ನಿಮ್ಮ ಸಂತೋಷ.

* * *

ಇಷ್ಟೆಲ್ಲ ಲೆಕ್ಕ ನಾನು ಹಾಕೋಕೆ ಕಾರಣ ಒಂದು ಕ್ಯಾಸೆಟ್ಟು.

ಸೊರಬದ ನಮ್ಮ ಅಜ್ಜಿ ಭೂಮಿ ಹುಣ್ಣಿಮೆ ಪದ ಹೇಳ್ತಿದ್ರು. ನಮ್ಮ ಕಡೆ ಭೂಮಿ ಹುಣ್ಣಿಮೆ ಅಂದ್ರೆ ತೆನೆ ಕಟ್ಟೋ ಹೊತ್ತಿನ ಭತ್ತದ ಗದ್ದೆಗೆ ಬಸುರಿ ಊಟ ಇಕ್ಕೋ ಹಬ್ಬ. ಭೂಮಣ್ಣಿ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನಲ್ಲಿ ಚಿತ್ತಾರ ಬರೆದು, ಬೆಳಗಿನ ಜಾವ ಗದ್ದೆಗೆ ಹೊತ್ಕೊಂಡು ಹೋಗ್ತಾರೆ. ಆ ಪದಗಳ ಜೊತೆಗೆ ಸೋಬಾನೆ, ಬೀಸೋ ಪದ, ದೀಪಾವಳಿಯ ಅಂಟಿಗೆ-ಪಂಟಿಗೆ ಪದಗಳೂ ಅವರಿಗೆ ಬಾಯಿಗೆ ಬರ್ತಿದ್ವು. ಮಾವ ಒಂದು ಮೋನೋ ಟೂ-ಇನ್-ಒನ್ ಇಟ್ಟು ಎರಡು ಕ್ಯಾಸೆಟ್ ತುಂಬ ರೆಕಾರ್ಡ್ ಮಾಡಿಟ್ಟಿದ್ರು. ಅಜ್ಜಿ ಈಗಿಲ್ಲ. ಆ ಪದಗಳಲ್ಲಿ ಅರ್ಧದಷ್ಟು ನಮ್ಮನೆಯಲ್ಲಿ ಯಾರಿಗೂ ಬರಲ್ಲ.

ಮಾವ ಅದನ್ನ ಪೇಟೆಯ ಒಬ್ಬರ ಹತ್ರ ಕೊಟ್ಟು ಪೆನ್‌ಡ್ರೈವಿಗೆ ಹಾಕಿಸಿದ್ರು. ಬಂದದ್ದನ್ನ ಮೊಬೈಲಿನಲ್ಲಿ ಹಾಕಿದ್ರೆ ಕಂಬಳಿ ಹೊದ್ದು ಹಾಡಿದ ಹಾಗೆ. ಪದವೇ ತಿಳಿಯಲ್ಲ. "ಸ"ಕ್ಕೂ "ಚ"ಕ್ಕೂ ವ್ಯತ್ಯಾಸ ಗೊತ್ತಾಗಲ್ಲ. ಕೇಳಿದ್ರೆ ಸಿದ್ಧ ಉತ್ತರ: "ಹಳೇ ಟೇಪು ಸಾರ್, ಇಷ್ಟೇ ಬರೋದು." ಮಾವ ನಂಬಿಬಿಟ್ರು. "ಬಿಡು ತಮಾ, ಮಳೆಗಾಲದ ಥಂಡಿಗೆ ಟೇಪು ಹಾಳಾಗಿದೆ" ಅಂದ್ರು. ಕ್ಯಾಸೆಟ್ಟನ್ನ ಎಸೆಯೋಕೂ ತಯಾರಿದ್ರು.

ಟೇಪು ಹಾಳಾಗಿರಲಿಲ್ಲ. ಆಗಿದ್ದು ಇದು. ಮೋನೋ ಸೆಟ್ಟು ಎರಡೂ ಓಣಿಯ ಅಗಲಕ್ಕೆ ಒಂದೇ ಪಟ್ಟೆಯಾಗಿ ಬರೆದಿತ್ತು. ಅದನ್ನ ಸ್ಟೀರಿಯೋ ಡೆಕ್ಕಿನಲ್ಲಿ ಓದಿದಾಗ ಎಡಕ್ಕೂ ಬಲಕ್ಕೂ ಅದೇ ಧ್ವನಿ ಸಿಗಬೇಕು. ಆದ್ರೆ ಬರೆದ ಹೆಡ್ಡಿನ ವಾಲಿಕೆಯೇ ಬೇರೆ, ಓದಿದ ಹೆಡ್ಡಿನ ವಾಲಿಕೆಯೇ ಬೇರೆ. ಎರಡೂ ಚಾನೆಲ್ಲಿನಲ್ಲಿ ಅಜ್ಜಿಯೇ, ಆದ್ರೆ ಒಬ್ಬ ಅಜ್ಜಿ ಮೊದಲು, ಇನ್ನೊಬ್ಬ ಅಜ್ಜಿ ಆಮೇಲೆ. ಹಾಗೇ ಎರಡನ್ನೂ ಕೂಡಿಸಿ ಮೋನೋ ಎಂಪಿ3 ಮಾಡಿದ್ರು. 165 ಮೈಕ್ರೋಸೆಕೆಂಡ್ ಅಂತರದ ಎರಡು ಧ್ವನಿ ಕೂಡಿಸಿದ್ರೆ 3 ಕಿಲೋಹರ್ಟ್ಸ್ ಹತ್ತಿರ ಒಂದು ಇನ್ನೊಂದನ್ನ ಪೂರ್ತಿ ಹೊಡೆದು ಹಾಕುತ್ತೆ. ಮಾತಿನ ವ್ಯಂಜನಗಳು ಸ್ಪಷ್ಟ ಆಗೋದೇ ಆ ಆಸುಪಾಸಿನಲ್ಲಿ! ಅದು ಸಾಲದು ಅಂತ ಒಂದೊಂದು ಓಣಿಯ ಒಳಗೂ ಪೆಟ್ಟು ಬೀಳುತ್ತೆ. 0.6 ಮಿಲಿಮೀಟರ್ ಓಣಿಯ ಈ ಅಂಚಿಗೂ ಆ ಅಂಚಿಗೂ ಅಂತರ ಬಿದ್ದು, ಅರ್ಧ ಡಿಗ್ರಿ ವಾಲಿಕೆಗೆ 9 ಕಿಲೋಹರ್ಟ್ಸ್ ಹತ್ತಿರ ಪೂರ್ತಿ ಸೊನ್ನೆ.

ಅಂದ್ರೆ ಎಡ-ಬಲದ ಅಂತರವನ್ನ ಆಮೇಲೆ ಸಾಫ್ಟ್‌ವೇರಿನಲ್ಲಿ ಸರಿಸಬಹುದು, ಓಣಿಯ ಒಳಗೆ ಕಳೆದದ್ದನ್ನ ತರೋಕಾಗಲ್ಲ. ಅದನ್ನ ಹಿಡೀಬೇಕಾದದ್ದು ಟೇಪು ಓಡೋವಾಗಲೇ. ಹೇಗೆ? ಒಂದು ಸಣ್ಣ ಸ್ಕ್ರೂಡ್ರೈವರಿನಿಂದ. ಹೆಡ್ಡಿನ ಪಕ್ಕ ಎರಡು ಸ್ಕ್ರೂ ಇರ್ತವೆ, ಅದರಲ್ಲಿ ಕೆಳಗೆ ಸ್ಪ್ರಿಂಗ್ ಇರೋದು ವಾಲಿಕೆ ತಿದ್ದೋ ಸ್ಕ್ರೂ. ಮೊದಲು ಅದು ಎಲ್ಲಿದೆ ಅಂತ ಗುರುತು ಹಾಕ್ಕೊಳ್ಳಿ, ಬೇರೆ ಕ್ಯಾಸೆಟ್ಟಿಗೆ ವಾಪಸ್ ತರಬೇಕಲ್ಲ. ಎಡ-ಬಲ ಕೂಡಿಸಿ ಮೋನೋದಲ್ಲಿ ಕೇಳ್ತಾ, ಸ್ಕ್ರೂವನ್ನ ಕೂದಲೆಳೆಯಷ್ಟು ಈ ಕಡೆ ಆ ಕಡೆ ತಿರುಗಿಸಿ. ಒಂದು ಜಾಗದಲ್ಲಿ ಇದ್ದಕ್ಕಿದ್ದ ಹಾಗೆ ಧ್ವನಿ ಬಿಚ್ಚಿಕೊಳ್ಳುತ್ತೆ. ಅದೇ ಸರಿ. ಗಮನ ಇರಲಿ, ಪುಸ್ತಕದ ಪ್ರಕಾರ "ನೇರ" ಅನ್ನೋದು ಇಲ್ಲಿ ಮುಖ್ಯ ಅಲ್ಲ. ರೆಕಾರ್ಡ್ ಮಾಡಿದ ಸೆಟ್ಟು ಎಷ್ಟು ವಾಲಿತ್ತೋ ನೀವೂ ಅಷ್ಟೇ ವಾಲಬೇಕು.

ನಾನು ಒಂದು ಹಳೇ ಡೆಕ್ಕಿನಲ್ಲಿ ಹಾಗೆ ತಿರುಗಿಸಿದಾಗ ಅಜ್ಜಿ ಕಂಬಳಿ ಸರಿಸಿ ಎದ್ದು ಕೂತರು. ಬಳೆ ಸದ್ದು ಕೇಳ್ತು. ಹಿಂದೆ ಯಾರೋ "ಚಾ ಆರ್ತದೆ" ಅಂದದ್ದೂ ಕೇಳ್ತು. ಮಾವ ಮಾತಾಡಲಿಲ್ಲ. ಸುಮಾರು ಹೊತ್ತು ಕಣ್ಣು ಮುಚ್ಕೊಂಡು ಕೂತಿದ್ರು.

ಖರ್ಚು: ಸ್ಕ್ರೂಡ್ರೈವರ್ ಒಂದು. ಡ್ಯಾಕ್: ಲ್ಯಾಪ್‌ಟಾಪಿನಲ್ಲಿ ಇದ್ದದ್ದೇ.

* * *

ಇನ್ನೊಂದು ದರಿದ್ರ ಇದೆ, ಇದು ಇವತ್ತಿಗೂ ಪ್ರತಿ ಊರಲ್ಲೂ ನಡೀತಿದೆ. ಭಜನೆ, ಡೊಳ್ಳು, ಯಕ್ಷಗಾನ ಯಾವುದೇ ಇರಲಿ, ಸೌಂಡ್ ಸರ್ವಿಸಿನವರ ಮಿಕ್ಸರಿನಿಂದ ಕ್ಯಾಮೆರಾಕ್ಕೋ ರೆಕಾರ್ಡರಿಗೋ ಒಂದು ಲೈನ್ ಕೊಡ್ತಾರೆ. ಮಿಕ್ಸರಿನ ಬ್ಯಾಲೆನ್ಸ್ಡ್ ಔಟ್‌ಪುಟ್‌ನಲ್ಲಿ ಎರಡು ತಂತಿ ಇರುತ್ತೆ. ಎರಡರಲ್ಲೂ ಒಂದೇ ಸದ್ದು, ಆದ್ರೆ ಒಂದು ನೇರ, ಇನ್ನೊಂದು ಉಲ್ಟಾ. ದೂರದ ವೈರಿನಲ್ಲಿ ಬರೋ ಗೊಂಯ್‌ಗುಟ್ಟೋ ಸದ್ದು ಕಳೆಯೋಕೆ ಮಾಡಿದ ಒಳ್ಳೆ ಉಪಾಯ ಅದು. ಆ ಪಿನ್ನು ನೋಡೋಕೆ ಥೇಟ್ ಸ್ಟೀರಿಯೋ ಪಿನ್ನಿನ ಹಾಗೇ ಇರುತ್ತೆ. ಅದನ್ನ ಹಾಗೇ ರೆಕಾರ್ಡರಿನ ಸ್ಟೀರಿಯೋ ಕಿಂಡಿಗೆ ಚುಚ್ಚಿದ್ರೆ? ಎಡಕ್ಕೆ ನೇರ ಸದ್ದು, ಬಲಕ್ಕೆ ಉಲ್ಟಾ ಸದ್ದು.

ಹೆಡ್‌ಫೋನಿನಲ್ಲಿ ಕೇಳಿದ್ರೆ ಏನೋ ವಿಚಿತ್ರ, ತಲೆಯೊಳಗೆ ಟೊಳ್ಳು ಅನ್ನಿಸುತ್ತೆ, ಆದ್ರೂ ಸದ್ದು ಇರುತ್ತೆ. ಒಂದೇ ಸ್ಪೀಕರಿನ ಮೊಬೈಲಿನಲ್ಲಿ ಹಾಕಿ. ಮೊಬೈಲು ಎರಡನ್ನೂ ಕೂಡಿಸುತ್ತೆ. ನೇರ ಮತ್ತು ಉಲ್ಟಾ ಸೇರಿ ಸೊನ್ನೆ. ಇಡೀ ರಾತ್ರಿಯ ಆಟ ಸೊನ್ನೆ! "ರೆಕಾರ್ಡೇ ಆಗಿಲ್ಲ" ಅಂತ ಜನ ಆ ಫೈಲನ್ನ ಡಿಲೀಟ್ ಮಾಡ್ತಾರೆ. ಇದಕ್ಕಿಂತ ದುಃಖದ ವಿಷಯ ಇನ್ನೇನಿದೆ ಹೇಳಿ? ಆಡಾಸಿಟಿಯಂಥ ಪುಕ್ಕಟೆ ಸಾಫ್ಟ್‌ವೇರಿನಲ್ಲಿ ಒಂದು ಚಾನೆಲ್ ಆರಿಸಿ "ಇನ್ವರ್ಟ್" ಒತ್ತಿದ್ರೆ ಮುಗೀತು, ಪೂರ್ತಿ ಸದ್ದು ವಾಪಸ್. ಎರಡು ನಿಮಿಷದ ಕೆಲಸ. ಆದ್ರೆ ಯಾರೋ ಮಧ್ಯದಲ್ಲಿ ಅದನ್ನ ಮೋನೋ ಮಾಡಿ ಮೂಲ ಫೈಲು ಅಳಿಸಿದ್ರೆ, ಬ್ರಹ್ಮ ಬಂದ್ರೂ ಆಗಲ್ಲ.

ಇನ್ನು ಎರಡು ಮೊಬೈಲ್ ಇಟ್ಟು, ಒಂದು ರಂಗದ ಎಡಕ್ಕೆ ಒಂದು ಬಲಕ್ಕೆ, ಆಮೇಲೆ ಸೇರಿಸಿ ಸ್ಟೀರಿಯೋ ಮಾಡ್ತೀವಿ ಅನ್ನೋ ಹುಡುಗರಿಗೆ ಒಂದು ಮಾತು. ನಿಮ್ಮ ಉತ್ಸಾಹಕ್ಕೆ ನನ್ನ ನಮಸ್ಕಾರ. ಆದ್ರೆ ಎರಡು ಮೊಬೈಲಿಗೆ ಎರಡು ಗಡಿಯಾರ. ಹರಳಿನ ಗಡಿಯಾರಗಳು ಹತ್ತು ಲಕ್ಷಕ್ಕೆ ಕೆಲವು ಹತ್ತುಗಳಷ್ಟು ಹಿಂದೆ ಮುಂದೆ ಓಡೋದು ಸಾಮಾನ್ಯ. ಎರಡರ ನಡುವೆ ಹತ್ತು ಲಕ್ಷಕ್ಕೆ 40 ವ್ಯತ್ಯಾಸ ಅಂತಿಟ್ಕೊಳ್ಳಿ. ಸೆಕೆಂಡಿಗೆ 40 ಮೈಕ್ರೋಸೆಕೆಂಡ್, ನಿಮಿಷಕ್ಕೆ 2.4 ಮಿಲಿಸೆಕೆಂಡ್, ಗಂಟೆಗೆ 144. ಆರು ಗಂಟೆಯ ಆಟ ಮುಗಿಯೋ ಹೊತ್ತಿಗೆ ಮುಕ್ಕಾಲು ಸೆಕೆಂಡಿಗೂ ಮೇಲೆ. ಎಡಗಿವಿಗೆ ಭಾಗವತರು ಹಾಡಿ ಮುಗಿಸಿದ ಮೇಲೆ ಬಲಗಿವಿಗೆ ಚಂಡೆ! ಶುರುವಿನಲ್ಲಿ ಚಪ್ಪಾಳೆ ಹೊಡೆದು ಹೊಂದಿಸಿದ್ರೆ ಸಾಲದು, ಕೊನೆಯಲ್ಲೂ ಒಂದು ಚಪ್ಪಾಳೆ ಹೊಡೆದು ನಡುವಿನದ್ದನ್ನ ಎಳೆದು ಹೊಂದಿಸಬೇಕು. ಜೋಡಿ ಬ್ಲೂಟೂತ್ ಸ್ಪೀಕರುಗಳ ತೊಂದರೆಯೂ ಇದೇ ಜಾತಿಯದ್ದು, ಎರಡು ಡಬ್ಬ, ಎರಡು ಗಡಿಯಾರ. ಹಳೇ ಬ್ಲೂಟೂತ್ ಹಾಡನ್ನ ಕಳಿಸ್ತಿದ್ದದ್ದು ಒಂದೇ ಡಬ್ಬಕ್ಕೆ. ಎರಡನೇ ಡಬ್ಬಕ್ಕೆ ತಲುಪಿಸೋದು ಕಂಪನಿಗಳ ಸ್ವಂತ ಜುಗಾಡು. 2020ರಲ್ಲಿ ಪ್ರಕಟವಾದ ಬ್ಲೂಟೂತ್ ಎಲ್‌ಇ ಆಡಿಯೋದಲ್ಲಿ ಹಲವು ಡಬ್ಬಗಳನ್ನ ಒಂದೇ ಲಯಕ್ಕೆ ತರೋ ವ್ಯವಸ್ಥೆ ಸೇರಿಸಿದ್ರು. ಇಲ್ಲಿ ಸಿಂಕ್ ಬಗ್ಗೆ ಪ್ರಶ್ನೆ ಕೇಳಿ, ಅಂಗಡಿಯವನನ್ನ ಬೆವರಿಸಿ. ಇಲ್ಲಿ ಅದು ನ್ಯಾಯವಾದ ಪ್ರಶ್ನೆ.

ಹಾಂ, ಜಾತ್ರೆ ವಿಷಯ. ಹುಚ್ಚರಾಯಸ್ವಾಮಿ ಜಾತ್ರೆಯೋ ಚಂದ್ರಗುತ್ತಿ ಜಾತ್ರೆಯೋ, ಬಯಲಲ್ಲಿ ಕಂಬ ಕಂಬಕ್ಕೆ ಸ್ಪೀಕರ್ ಕಟ್ಟೋರು ದಯವಿಟ್ಟು ಸ್ಟೀರಿಯೋ ಆಸೆ ಬಿಡಿ. ಎಡದ ಕಂಬದ ಕೆಳಗೆ ನಿಂತವನಿಗೆ ಬಲದ ವಾದ್ಯ ಕೇಳಿಸೋದೇ ಇಲ್ಲ. ಅಲ್ಲಿ ಮೋನೋನೇ ಧರ್ಮ. ಭದ್ರಾವತಿ ಆಕಾಶವಾಣಿಯನ್ನ ಮೀಡಿಯಂ ವೇವ್‌ನಲ್ಲಿ ಕೇಳಿ ಬೆಳೆದ ಅಪ್ಪ-ಅಮ್ಮಂದಿರಿಗೆ ಎಡವೂ ಇರಲಿಲ್ಲ ಬಲವೂ ಇರಲಿಲ್ಲ. ಅವರಿಗೇನು ಸಂಗೀತ ಕಮ್ಮಿ ಆಯ್ತಾ?

* * *

"ಎಲ್ಲಾ ಸರಿ, ಇದೆಲ್ಲ ತಜ್ಞರ ಕೆಲಸ, ನಾವು ಬರೆಯೋರು, ನಮಗೇನು?" ಅಂತ ಕೆಲವರು ಕೇಳ್ತೀರಿ. ನನ್ನ ಉತ್ತರ: ನಿಮ್ಮೂರಿನ ಅಜ್ಜಿಯ ಕ್ಯಾಸೆಟ್ ಹುಡುಕಿಕೊಂಡು ಯಾವ ತಜ್ಞರೂ ಬರಲ್ಲ. ಮಲೆನಾಡಿನ ಮಳೆಗೆ ಬೂಷ್ಟು ಹಿಡಿಯೋ ಕ್ಯಾಸೆಟ್ಟು ನಮ್ಮ ಪುರುಸೊತ್ತಿಗೆ ಕಾಯೋದೂ ಇಲ್ಲ. ಸರಿಯಾಗಿ ಓಡೋ ಡೆಕ್ಕುಗಳು ವರ್ಷಾ ವರ್ಷ ಕಡಿಮೆ ಆಗ್ತಿವೆ, ಬೆಲ್ಟು ಕಟ್ಟಿಕೊಡೋ ಮೆಕ್ಯಾನಿಕ್‌ಗಳೂ.

ಹಾಗಾಗಿ ಕೈ ಮುಗಿದು ಕೇಳ್ಕೋತೀನಿ, ಇಷ್ಟು ಮಾಡಿ:

1. ಟೇಪು ಇಳಿಸೋ ಮುಂಚೆ, ಪ್ರತಿ ಕ್ಯಾಸೆಟ್ಟಿಗೂ, ಪ್ರತಿ ಬದಿಗೂ ಹೆಡ್ಡಿನ ವಾಲಿಕೆ ಹೊಂದಿಸಿ.

2. ಮೋನೋ ಟೇಪಾದ್ರೂ ಎರಡೂ ಚಾನೆಲ್ ಬೇರೆ ಬೇರೆಯಾಗಿ ಇಳಿಸಿ. ಲ್ಯಾಪ್‌ಟಾಪಿನ ಮೈಕ್ ಕಿಂಡಿ ಸಾಮಾನ್ಯವಾಗಿ ಮೋನೋ, ಸ್ಟೀರಿಯೋ ಲೈನ್-ಇನ್ ಇರೋ ಒಂದು ಸಾಧಾರಣ ಯುಎಸ್‌ಬಿ ಸೌಂಡ್ ಕಾರ್ಡ್ ಸಾಕು. ಎರಡು ಚಾನೆಲ್ಲಿಗೂ ಒಂದೇ ಚಿಪ್, ಒಂದೇ ಗಡಿಯಾರ, ಅಷ್ಟಿದ್ರೆ ಆಯ್ತು.

3. 24 ಬಿಟ್, 48 ಕಿಲೋಹರ್ಟ್ಸ್ ವೇವ್ ಫೈಲ್ ಇಟ್ಕೊಳ್ಳಿ. 60 ನಿಮಿಷದ ಕ್ಯಾಸೆಟ್ಟಿಗೆ ಸುಮಾರು 1 ಜಿಬಿ. ಈಗಿನ ಪೆನ್‌ಡ್ರೈವಿಗೆ ಅದೇನು ದೊಡ್ಡ ಮಾತು? ಎಂಪಿ3 ಮಾಡೋದಾದ್ರೆ ಆಮೇಲೆ ಮಾಡಿ, ಮೂಲ ಅಳಿಸಬೇಡಿ.

4. ಯಾರಿಗಾದ್ರೂ ಕಳಿಸೋ ಮುಂಚೆ ಒಮ್ಮೆ ಒಂದೇ ಸ್ಪೀಕರಿನ ಮೊಬೈಲಿನಲ್ಲಿ ಕೇಳಿ. ಧ್ವನಿ ಮಾಯವಾದ್ರೆ ಒಂದು ಚಾನೆಲ್ ಉಲ್ಟಾ ಇದೆ ಅಂತ ಅರ್ಥ.

5. ಯಾರು ಹಾಡಿದ್ರು, ಯಾವ ಊರು, ಯಾವ ವರ್ಷ, ಬರೆದಿಡಿ. ಇದಕ್ಕೆ ಡ್ಯಾಕೂ ಬೇಡ, ಸ್ಕ್ರೂಡ್ರೈವರೂ ಬೇಡ.

ಇಷ್ಟೂ ಮಾಡಿ ಮುಗಿಸಿದ ಮೇಲೆ ದುಡ್ಡು ಉಳಿದಿದ್ರೆ, ಆಗ ಹೋಗಿ ಆ ಇಪ್ಪತ್ತು ಸಾವಿರದ ಡಬ್ಬ ತಗೊಳ್ಳಿ. ಅದರಲ್ಲಿ ಅಜ್ಜಿ ಹಾಡು ಕೇಳಿ. ನಾನೂ ಬಂದು ಕೇಳ್ತೀನಿ :-)

ಶಿಕಾರಿಪುರದಿಂದ ಸೊರಬಕ್ಕೆ ಹೋಗೋ ದಾರಿಯಲ್ಲಿ ಶಿರಾಳಕೊಪ್ಪದ ಹತ್ರ ಬಳ್ಳಿಗಾವಿ ಸಿಗುತ್ತೆ. ಅಲ್ಲಿಯ ಅಲ್ಲಮ ದೇವಸ್ಥಾನದಲ್ಲಿ ಮದ್ದಳೆ ಬಾರಿಸ್ತಿದ್ದ ಅಂತ ಹರಿಹರ ತನ್ನ ರಗಳೆಯಲ್ಲಿ ಹೇಳ್ತಾನೆ. ಮದ್ದಳೆಗೆ ಎಡಮುಖ ಬೇರೆ, ಬಲಮುಖ ಬೇರೆ, ಎರಡರ ನಾದವೂ ಬೇರೆ. ಆದ್ರೆ ಒಡಲು ಒಂದೇ, ಎರಡನ್ನೂ ಬಿಗಿಯೋ ಬಾರು ಒಂದೇ. ಮದ್ದಳೆಯವರು ಕೂತ ತಕ್ಷಣ ಬಾರಿಸಲ್ಲ. ಮೊದಲು ಬಾರು ಎಳೆದು, ತಟ್ಟಿ, ಕಿವಿಗೊಟ್ಟು ಎರಡು ಮುಖವನ್ನೂ ಶ್ರುತಿಗೆ ಕೂರಿಸ್ತಾರೆ. ಹೊಸ ಮದ್ದಳೆ ತರೋಕೆ ಪೇಟೆಗೆ ಓಡಲ್ಲ.

ಈ ವಾದದಲ್ಲಿ ತಪ್ಪು ಕಂಡವರು ಬನ್ನಿ, ಲೆಕ್ಕ ಹಿಡ್ಕೊಂಡು ಬನ್ನಿ. "ನಂಗೆ ವ್ಯತ್ಯಾಸ ಕೇಳ್ಸುತ್ತೆ" ಅನ್ನೋರು, ಯಾವ ಡಬ್ಬ ಹಾಡ್ತಿದೆ ಅಂತ ಗೊತ್ತಿಲ್ಲದ ಹಾಗೆ ಕಣ್ಣಿಗೆ ಬಟ್ಟೆ ಕಟ್ಕೊಂಡು ಹತ್ತು ಸಲ ಕೇಳಿ, ಎಷ್ಟು ಸಲ ಸರಿ ಹೇಳಿದ್ರಿ ಅಂತ ಬರೀರಿ. ಮತ್ತೆ ನಿಮ್ಮನೆ ಅಟ್ಟದಲ್ಲಿ ಎಷ್ಟು ಕ್ಯಾಸೆಟ್ ಇದೆ ಅನ್ನೋದನ್ನೂ.